ಎರಡನೇ ಬಹುಮಾನದ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿತ್ತಲಿನ ಪಾತಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ ಹೆಂಗಸು ಒಮ್ಮೆ ಹಿಂದಕ್ಕೆ ತಿರುಗಿ ಮನೆಯ ಬಾಗಿಲನ್ನು ನೋಡುತ್ತಾರೆ. ಬಾಗಿಲು ಮುಚ್ಚಿದೆ. ಆಸ್ಪತ್ರೆಯ ಸಮವಸ್ತ್ರದ ಜೇಬಿನಿಂದ ಪುಟ್ಟ ಕತ್ತರಿ ತೆಗೆದು, ಎದುರಿನ ಈರುಳ್ಳಿ ಗಿಡದ ಹಳದಿಗೆ ತಿರುಗಿದ ಎಲೆಯೊಂದರ ತುದಿಯನ್ನು ಕತ್ತರಿಸುತ್ತಾರೆ. ತುಂಡು ನೆಲಕ್ಕೆ ಬೀಳದಂತೆ ಅಂಗೈಯಲ್ಲಿ ಹಿಡಿದು, ಕಾಗದದಲ್ಲಿ ಸುತ್ತಿ ಜೇಬಿಗೆ ಸೇರಿಸುತ್ತಾರೆ. ಆಮೇಲೆ ನನ್ನ ಕಡೆ ನೋಡಿ, "ಇದೊಂದು ಬರೀಬೇಡಿ" ಎನ್ನುತ್ತಾರೆ. ಈಗ ಬರೆಯುತ್ತಿದ್ದೇನೆಂದರೆ ಅದಕ್ಕೆ ಅವರೇ ಅಂದು ಸಂಜೆ ಒಪ್ಪಿಗೆ ಕೊಟ್ಟಿದ್ದಾರೆ.

ನಾನು ಬಂದದ್ದು ಬೇರೆಯದೇ ಲೇಖನಕ್ಕೆ. ವರ್ಷಕ್ಕೊಮ್ಮೆ ನಡೆಯುವ ತರಕಾರಿ ಪ್ರದರ್ಶನದಲ್ಲಿ ಕಳೆದ ಸಲ ಮೊದಲ ಬಹುಮಾನ ಪಡೆದ ಈರುಳ್ಳಿ ಆಗ ತಾನೇ ಹುಟ್ಟಿದ ಮಗುವಿನ ತಲೆಗಿಂತ ದೊಡ್ಡದು. ಬೆಳೆದವರು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಕೆಲಸಗಾರ್ತಿ. ವಾರಾಂತ್ಯದ ಪುರವಣಿಗೆ ಇನ್ನೇನು ಬೇಕು? ಹೆಚ್ಚದೆಯೂ ಕಣ್ಣಲ್ಲಿ ನೀರು ತರಿಸುವ ಈರುಳ್ಳಿ ಎಂದೇನೋ ಒಂದೆರಡು ಚಟಾಕಿಗಳನ್ನು ದಾರಿಯಲ್ಲೇ ಹೊಂದಿಸಿಕೊಂಡಿದ್ದೆ. ಅವು ಹೋದ ಹಾಗೇ ವಾಪಸು ಬಂದಿವೆ.

ಹಿತ್ತಲಿಗೆ ಕಾಲಿಡುವ ಮುಂಚೆಯೇ ನನ್ನ ಬೂಟು ಕಳಚಿಸಲಾಗಿದೆ. ಬಾಗಿಲ ಪಕ್ಕದಲ್ಲಿ ಒಂದು ಸಾಲು ರಬ್ಬರ್ ಚಪ್ಪಲಿ, ಅದರ ಮುಂದೆ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಅಗಲವಾದ ಟಬ್ಬು. ಚಪ್ಪಲಿ ಹಾಕಿಕೊಂಡು ಟಬ್ಬಿನಲ್ಲಿ ನಿಂತು, ಕೈಯನ್ನೂ ಅದ್ದಿ, ಆಮೇಲೆ ಒಳಗೆ ಹೋಗಬೇಕು. "ಆಪರೇಷನ್ ಥಿಯೇಟರಿಗೆ ಹೋದ ಹಾಗಾಯ್ತಲ್ಲ" ಎಂದು ನಾನು ನಗುತ್ತೇನೆ. "ಅಲ್ಲೂ ಇಷ್ಟಿಲ್ಲ, ನಾನು ನೋಡಿದೀನಿ" ಎಂದು ಅವರು ನಗದೆ ಹೇಳುತ್ತಾರೆ.

ಇಷ್ಟೆಲ್ಲ ಯಾತಕ್ಕೆಂದರೆ ಬಿಳಿ ಕೊಳೆ ಎಂಬ ರೋಗಕ್ಕೆ ಹೆದರಿ. ದೊಡ್ಡ ಈರುಳ್ಳಿ ಬೆಳೆಯುವವರು ಆ ಹೆಸರನ್ನು ಜೋರಾಗಿ ಹೇಳುವುದೂ ಇಲ್ಲ. ಎಲ್ಲರೂ ಅಕ್ಕ ಎಂದು ಕರೆಯುವ ಇವರೂ ದನಿ ತಗ್ಗಿಸುತ್ತಾರೆ. "ಬುಡದಲ್ಲಿ ಬಿಳೀ ಹತ್ತಿ ಥರ ಕಟ್ಟುತ್ತೆ. ಹತ್ತಿ ಮೇಲೆ ಕಪ್ಪು ಕಾಳು, ಸಾಸಿವೆಗಿಂತ ಸಣ್ಣದು. ಆ ಕಾಳು ಮಣ್ಣಿಗೆ ಬಿತ್ತೋ, ಕಥೆ ಮುಗೀತು. ವರ್ಷಗಟ್ಟಲೆ ಸುಮ್ನೆ ಮಲಗಿರುತ್ತೆ. ಈರುಳ್ಳಿ ಬೇರಿನ ವಾಸನೆ ಬಂದ ದಿನ ಎದ್ದು ಕೂರುತ್ತೆ. ನಾನು ಸತ್ತ ಮೇಲೂ ಅದಿರುತ್ತೆ." ಔಷಧವಿಲ್ಲವೇ ಎಂದರೆ ತಲೆಯಾಡಿಸುತ್ತಾರೆ. ಇದರ ಮೊದಲ ಗುರುತು ಎಲೆಯ ತುದಿ ಹಳದಿಯಾಗುವುದು.

ಹಳದಿಯಾಗಲು ನೂರು ಕಾರಣ ಇರಬಹುದು. ನೀರು ಹೆಚ್ಚಾಗಿರಬಹುದು, ಚಳಿ ತಾಗಿರಬಹುದು, ಹುಳು ಬಿದ್ದಿರಬಹುದು. ಇವನ್ನೆಲ್ಲ ಅಕ್ಕ ತಮಗೆ ತಾವೇ ಹೇಳಿಕೊಂಡು ಮುಗಿಸಿದ್ದಾರೆ. ಬುಡದ ಮಣ್ಣು ಸ್ವಲ್ಪ ಸರಿಸಿದರೆ ಗೊತ್ತಾಗುವುದಿಲ್ಲವೇ ಎಂದು ನಾನು ಕೇಳುತ್ತೇನೆ.

"ಗೊತ್ತಾಗುತ್ತೆ" ಎನ್ನುತ್ತಾರೆ. "ಅದಕ್ಕೇ ಸರಿಸಿಲ್ಲ."

ಅಷ್ಟು ಹೊತ್ತಿಗೆ ಆ ಹೆದರಿಕೆ ನನಗೂ ಅಂಟಿದೆ. ಇದೇ ಟಬ್ಬಿನಲ್ಲಿ ನಾನು ಸರಿಯಾಗಿ ನಿಂತೆನೋ ಇಲ್ಲವೋ ಎಂದು ಒಂದು ಕ್ಷಣ ಯೋಚಿಸಿ, ಮತ್ತೆ ಹೋಗಿ ನಿಂತು ಬರುತ್ತೇನೆ. ಅವರ ಕಣ್ಣಲ್ಲಿ ನನ್ನ ಬಗ್ಗೆ ಮೊದಲ ಸಲ ಸ್ವಲ್ಪ ಮರ್ಯಾದೆ ಕಾಣುತ್ತದೆ.

ಅವರ ಕೆಲಸವೇ ಕೊಳೆಯನ್ನು ಬೇರೆ ಇಡುವುದು. ವಾರ್ಡುಗಳಿಂದ ಬರುವ ಹಾಸಿಗೆ ಬಟ್ಟೆಗಳಲ್ಲಿ ಸಾಧಾರಣ ಕೊಳೆಯದ್ದು ಬಿಳಿ ಚೀಲಕ್ಕೆ, ಸೋಂಕಿನದ್ದು ಕೆಂಪು ಚೀಲಕ್ಕೆ. ಕೆಂಪು ಚೀಲದ ಬಾಯನ್ನು ತಿರುಚಿ, ಮಡಚಿ, ಗಂಟು ಹಾಕಿ, ಅದನ್ನು ಇನ್ನೊಂದು ಚೀಲದೊಳಗಿಟ್ಟು ಮತ್ತೆ ಗಂಟು ಹಾಕಬೇಕು. ಮದುವೆಯಾದ ಮರುವರ್ಷದಿಂದ ಇದೇ ಕೆಲಸ. ಬೆಳಗಿನ ಪಾಳಿ, ಬಿಸಿ ಹಬೆ, ದಿನವಿಡೀ ನಿಂತು ಸೊಂಟ ನೋವು. ಕೈಯ ಚರ್ಮ ಸಾಬೂನಿಗೆ ಬೆಂದು ಬಿರುಕು ಬಿಟ್ಟಿದೆ. "ಒಂದು ದಿನಾನೂ ಒಂದು ಚೀಲದ್ದು ಇನ್ನೊಂದಕ್ಕೆ ಹಾಕಿಲ್ಲ" ಎನ್ನುತ್ತಾ ಯಾಕೋ ಜೇಬಿನ ಕಾಗದದ ಪೊಟ್ಟಣವನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಯಾಕೆಂದು ನನಗೆ ಆಮೇಲೆ ತಿಳಿಯುತ್ತದೆ.

ಈರುಳ್ಳಿ ಅವರದಲ್ಲ, ಅತ್ತೆಯದು. ಅತ್ತೆ ಹೊಸ ಸೊಸೆಯಾಗಿ ಈ ಮನೆಗೆ ಬಂದಾಗ ತಂದ ಒಂದು ಚಿಟಿಕೆ ಬೀಜದಿಂದ ಶುರುವಾದ ತಳಿ ಇದು. ಈರುಳ್ಳಿಯ ಲೆಕ್ಕಾಚಾರ ಎರಡು ವರ್ಷದ್ದು. ಮೊದಲ ವರ್ಷ ಬೀಜದಿಂದ ಗಡ್ಡೆ. ಆ ಗಡ್ಡೆಯನ್ನು ತಿನ್ನದೆ ಉಳಿಸಿ, ಚಳಿ ಇಳಿಯುವ ಹೊತ್ತಿಗೆ ಮತ್ತೆ ಮಣ್ಣಿಗಿಟ್ಟರೆ ಅದು ಹೂಬಿಟ್ಟು ಬೀಜ ಕೊಡುತ್ತದೆ. ಹಾಗೆ ಇಡುವ ಗಡ್ಡೆಗೆ ತಾಯಿಗಡ್ಡೆ ಎನ್ನುತ್ತಾರೆ. ಬೀಜವೋ ಬಹಳ ದಿನ ಬಾಳುವಂಥದ್ದಲ್ಲ, ಒಂದೆರಡು ವರ್ಷಕ್ಕೆ ಸತ್ತುಹೋಗುತ್ತದೆ. ಆದ್ದರಿಂದ ತಾಯಿಗಡ್ಡೆ ಹೋದರೆ ವಂಶ ಹೋದಂತೆ.

ಅತ್ತೆಯ ಕಾನೂನು ಎರಡೇ ಮಾತಿನದು. ಆ ವರ್ಷದ ಎಲ್ಲಕ್ಕಿಂತ ಒಳ್ಳೆಯ ಗಡ್ಡೆ ಪ್ರದರ್ಶನಕ್ಕೆ ಹೋಗಕೂಡದು, ಅದು ಮನೆಯಲ್ಲೇ ತಾಯಿಗಡ್ಡೆಯಾಗಬೇಕು, ಎರಡನೆಯದು ಹೋಗಲಿ. ಮೇಜಿಗೆ ಹೋದದ್ದು ಮಣ್ಣಿಗೆ ಬರಕೂಡದು. ಮೇಜಿನ ಮೇಲೆ ಯಾರು ಯಾರ ಹಿತ್ತಲಿನ ಮಣ್ಣೋ ಬೇರಿಗಂಟಿ ಬಂದಿರುತ್ತದೆ. ತೀರ್ಪುಗಾರರು ಒಂದನ್ನು ಒತ್ತಿ ನೋಡಿದ ಬೆರಳಿನಿಂದಲೇ ಇನ್ನೊಂದನ್ನೂ ಒತ್ತುತ್ತಾರೆ.

ಈ ಕಾನೂನಿನ ಫಲವೆಂದರೆ, ಮೊದಲು ಅತ್ತೆಗೆ, ಆಮೇಲೆ ಸೊಸೆಗೆ ವರ್ಷವರ್ಷವೂ ಎರಡನೇ ಬಹುಮಾನ. ಪ್ರದರ್ಶನದ ಮೈಕಿನವನು ಎರಡನೇ ಬಹುಮಾನ ಎಂದು ಬಾಯಿ ತೆರೆಯುವ ಮೊದಲೇ ಜನ ಇವರ ಕಡೆ ತಿರುಗುತ್ತಿದ್ದರಂತೆ. ಹೀಗೆ ಇಡೀ ಬಡಾವಣೆಗೆ ಇವರು ಎರಡನೇ ಅಕ್ಕ. ಆಸ್ಪತ್ರೆಯಲ್ಲೂ ಅದೇ ಹೆಸರು. ಹೊಸದಾಗಿ ಬಂದ ನರ್ಸೊಬ್ಬರು ಮೊದಲನೇ ಅಕ್ಕ ಯಾರೆಂದು ಹುಡುಕಿದ್ದೂ ಉಂಟು.

ತಮಾಷೆಯೆಂದರೆ ಮೊದಲ ಬಹುಮಾನವೂ ಇವರ ಮನೆಯದೇ. ಚಳಿಗಾಲದ ಕೊನೆಯಲ್ಲಿ ಅಕ್ಕ ಹಿತ್ತಲಿನ ಮೂಲೆಯಲ್ಲಿ, ಬಿಸಾಕಿದ ಕಿಟಕಿಗಳನ್ನು ಜೋಡಿಸಿ ಮಾಡಿದ ಗಾಜಿನ ಗೂಡಿನಲ್ಲಿ ಬೀಜ ಹಾಕುತ್ತಾರೆ. ಮೊಳಕೆ ನೆಟ್ಟಗೆ ಬರುವುದಿಲ್ಲ, ಸೊಂಟ ಬಗ್ಗಿಸಿಕೊಂಡು ಬರುತ್ತದೆ. ಅದು ನೆಟ್ಟಗಾಗುವಷ್ಟರಲ್ಲಿ ಒಂದೊಂದನ್ನೇ ಎತ್ತಿ ಆಸ್ಪತ್ರೆ ಕ್ಯಾಂಟೀನಿನ ಕಾಗದದ ಲೋಟಕ್ಕೆ ಬದಲಾಯಿಸಬೇಕು. ಟ್ಯೂಬ್‌ಲೈಟಿನ ಬೆಳಕು, ಹದವಾದ ನೀರು. ಒಂದು ಬೆಳಗ್ಗೆ ತಪ್ಪಿಸಿದರೂ ಬಾಡುತ್ತದೆ. ಹೀಗೆ ಬೆಳೆದ ಸಸಿಗಳನ್ನು ನಲವತ್ತಕ್ಕೂ ಹೆಚ್ಚು ಮನೆಗಳವರು ಬಂದು ಒಯ್ಯುತ್ತಾರೆ. ಬೀದಿ ಕೊನೆಯ ಕ್ಷೌರದಂಗಡಿಯವನು ಮೂರು ಸಲ ಮೊದಲ ಬಹುಮಾನ ಹೊಡೆದದ್ದು ಇವರ ಸಸಿಯಿಂದಲೇ. ಫೋಟೋ ಅವನದು, ಬಹುಮಾನದ ಕಪ್ಪು ಅವನದು. ಅಕ್ಕ ಚಪ್ಪಾಳೆ ತಟ್ಟುವವರ ಸಾಲಿನಲ್ಲಿ.

ಸಸಿ ಬದಲಾಯಿಸುವಾಗ ಈ ಮನೆಯಲ್ಲಿ ಇನ್ನೊಂದು ಪದ್ಧತಿಯಿದೆ. ಪ್ರತಿ ಲೋಟಕ್ಕೂ ತಾಯಿಗಡ್ಡೆಯ ಪಾತಿಯಿಂದ ಒಂದು ಚಿಟಿಕೆ ಮಣ್ಣು. ಹೋದ ಮನೆಯ ಮಣ್ಣು ಹೇಗೋ ಏನೋ, ತವರಿನ ಮಣ್ಣು ಸ್ವಲ್ಪ ಜೊತೆಗಿದ್ದರೆ ಬೇರು ಬೇಗ ಹಿಡಿಯುತ್ತದೆಂದು ಅತ್ತೆಯ ನಂಬಿಕೆ. ನನಗೆ ಇದು ಬಹಳ ಚೆಂದ ಕಂಡು ಬರೆದುಕೊಳ್ಳುತ್ತೇನೆ. ಅಕ್ಕ ನನ್ನ ಪೆನ್ನನ್ನೇ ನೋಡುತ್ತಿರುತ್ತಾರೆ. "ನಾಳೆ ಎಲ್ಲರೂ ಬರ್ತಾರೆ, ಸಸಿ ತಗೊಳ್ಳೋಕೆ" ಎನ್ನುತ್ತಾರೆ. ಆಗ ನನಗೆ ಅರ್ಥವಾಗುತ್ತದೆ. ಆ ಹಳದಿ ಎಲೆಯ ಗಿಡ ತಾಯಿಗಡ್ಡೆಯ ಪಾತಿಯಲ್ಲಿದೆ. ಅದೇ ಪಾತಿಯ ಮಣ್ಣು ಎಲ್ಲ ಲೋಟಗಳಲ್ಲೂ ಇದೆ.

ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ ಎನ್ನುವಂತೆ ಅವರು ಗಾಜಿನ ಗೂಡಿನೊಳಗೆ ನಿಂತು ಪಿಸುದನಿಯಲ್ಲಿ ಉಳಿದದ್ದನ್ನೂ ಹೇಳಿಬಿಡುತ್ತಾರೆ. ಕಳೆದ ಸಲ ಗಡ್ಡೆ ಕಿತ್ತಾಗ ಒಂದು ಬಹಳ ದೊಡ್ಡದು ಬಂದಿತ್ತು. ಎರಡೂ ಕೈಗೆ ತುಂಬುವಂಥದ್ದು, ಹೊಂಬಣ್ಣದ ಸಿಪ್ಪೆ, ಒಂದು ಕಲೆಯಿಲ್ಲ. ಕಾನೂನಿನಂತೆ ಅದು ಮನೆಯಲ್ಲಿರಬೇಕಿತ್ತು. "ಒಂದೇ ಒಂದು ಸಲ ಅನ್ನಿಸಿಬಿಡ್ತು. ಮೈಕಲ್ಲಿ ಮೊದಲನೇದು ಅಂತ ನನ್ನನ್ನ ಕರೀಲಿ ಅಂತ. ನಾನೂ ಮನುಷ್ಯಳೇ ಅಲ್ವಾ?" ಕಾಂಡ ಕತ್ತರಿಸಿ, ದಾರ ಸುತ್ತಿ, ಎಲ್ಲರೂ ಮಾಡುವಂತೆ ಸಿಪ್ಪೆಗೆ ಮುಖಕ್ಕೆ ಹಾಕುವ ಪೌಡರ್ ಹಚ್ಚಿ ಒರೆಸಿ, ಅದನ್ನೇ ಒಯ್ದರು. ಮೈಕಿನಲ್ಲಿ ಕರೆದರು. ಕಪ್ಪು ಹಿಡಿದು ಮನೆಗೆ ಬಂದಾಗ ಅತ್ತೆ ಕಪ್ಪಿನ ಕಡೆ ನೋಡಲಿಲ್ಲ. "ಮನೇಲಿರೋದು ಹೇಗಿದೆ?" ಎಂದು ಕೇಳಿದರು.

"ಇದಕ್ಕಿಂತ ದೊಡ್ಡದಿದೆ ಅತ್ತೆ" ಎಂದು ಸೊಸೆ ಸುಳ್ಳು ಹೇಳಿದರು.

ಒಂದು ಸುಳ್ಳು ಮುಚ್ಚಲು ಇನ್ನೊಂದು ಎನ್ನುತ್ತಾರಲ್ಲ, ಇಲ್ಲಿ ಇನ್ನೊಂದು ಸುಳ್ಳಲ್ಲ, ಕೆಲಸ. ಅತ್ತೆಗೆ ಹೇಳಿದ ಮಾತನ್ನು ನಿಜ ಮಾಡಬೇಕೆಂದು, ಮೇಜಿನಿಂದ ವಾಪಸು ತಂದ ಗಡ್ಡೆಯನ್ನೇ ಬುಟ್ಟಿಯಲ್ಲಿಟ್ಟು, ಚಳಿ ಇಳಿದ ಮೇಲೆ ತಾಯಿಗಡ್ಡೆಯ ಪಾತಿಯಲ್ಲಿ ಮನೆಯಲ್ಲೇ ಉಳಿದಿದ್ದ ಎರಡನೆಯ ಗಡ್ಡೆಯ ಪಕ್ಕದಲ್ಲೇ ನೆಟ್ಟರು. ಕೆಂಪು ಚೀಲದ್ದು ಬಿಳಿ ಚೀಲಕ್ಕೆ ಬಿದ್ದದ್ದು ಆಗ. ಈಗ ಹಳದಿಯಾಗಿರುವುದು ಅದೇ ಗಿಡ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತೆ ಅವರು ಇಷ್ಟು ದಿನ ಓಡಾಡಿದ್ದಾರೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೆಳಗ್ಗೆ ಅತ್ತೆ ಏಳುವುದರೊಳಗೆ ಹಳದಿ ತುದಿ ಕತ್ತರಿಸಿ ಜೇಬಿಗೆ ಹಾಕುವುದೊಂದೇ ಅವರಿಗೆ ತೋಚಿದ ದಾರಿ.

ಬಿಸಿಲು ಬರುವ ಹೊತ್ತಿಗೆ ಮನೆ ಎದ್ದಿದೆ. ಅತ್ತೆ ಗೋಡೆ ಹಿಡಿದು ಬಂದು ಹಿತ್ತಲ ಬಾಗಿಲಿನ ಕುರ್ಚಿಯಲ್ಲಿ ಕೂರುತ್ತಾರೆ. ಮಂಡಿ ಹೋಗಿ ಬಹಳ ವರ್ಷವಾಗಿದೆ, ಪಾತಿಯವರೆಗೆ ನಡೆಯಲಾಗುವುದಿಲ್ಲ. ಅಲ್ಲಿಂದಲೇ ಚಪ್ಪಲಿ ಸಾಲಿನ ಕಾವಲು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಟಬ್ಬಲ್ಲಿ ನಿಂತ್ಯೇನಪ್ಪಾ?" ಎನ್ನುತ್ತಾರೆ. ಎರಡು ಸಲ ನಿಂತೆ ಎಂದಾಗ, "ಒಳ್ಳೆ ಕಡೆಯವನು" ಎನ್ನುತ್ತಾರೆ.

ಅಕ್ಕನ ಯಜಮಾನರು ಚಹಾ ತರುತ್ತಾರೆ. ಅದೇ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುವವರು. "ನನ್ನಷ್ಟು ಏರಿಳಿತ ಕಂಡವರು ಈ ಊರಲ್ಲೇ ಇಲ್ಲ ಸಾರ್" ಎನ್ನುವುದು ಅವರ ಹಳೆಯ ಮಾತಿರಬೇಕು, ಮನೆಯಲ್ಲಿ ಯಾರೂ ನಗುವುದಿಲ್ಲ. ಬಾಗಿಲ ಹೊಸ್ತಿಲಿನಿಂದ ಈಚೆಗೆ ಅವರು ಬರುವಂತಿಲ್ಲ. ಮದುವೆಯಾದ ಹೊಸದರಲ್ಲಿ ಏನೋ ಹಾಸ್ಯ ಹೇಳುತ್ತಾ ಹಿಂದೆ ಹಿಂದೆ ಹೆಜ್ಜೆಯಿಟ್ಟು ಒಂದಿಡೀ ಸಾಲು ಗಿಡ ತುಳಿದವರು. ಅಂದಿನಿಂದ ಪ್ರವೇಶ ನಿಷಿದ್ಧ. "ಈ ಮನೇಲಿ ನನಗಿಂತ ಉಳ್ಳಾಗಡ್ಡಿಗೇ ಮರ್ಯಾದೆ. ಅಮ್ಮನಂತೂ ಬಿಡಿ, ಬೇಸಿಗೆ ಬಂದ್ರೆ ಬೀರುವಿನಿಂದ ಕಾಲುಚೀಲದಲ್ಲಿ ಕಟ್ಟಿಟ್ಟ ಸುಕ್ಕು ಗಡ್ಡೆ ಒಂದು ತೆಗೀತಾಳೆ. ಮೊಳಕೆ ಬಂದು ಮುದುಕಿಯಾಗಿರುತ್ತೆ, ಅದನ್ನೇ ಅಡುಗೆಗೆ ಹಾಕು ಅಂತಾಳೆ. ಇಂಥ ಜಿಪುಣತನ ಎಲ್ಲೂ ನೋಡಿಲ್ಲ." ಅತ್ತೆ ಕೇಳಿಸದವರಂತೆ ಚಹಾ ಕುಡಿಯುತ್ತಾರೆ.

ಆಗ ಬಾಗಿಲು ಬಡಿದ ಸದ್ದು. ಕ್ಷೌರದಂಗಡಿಯವನು, ಒಂದು ದಿನ ಮುಂಚೆಯೇ. ನಾಳೆ ಅಂಗಡಿಯಲ್ಲಿ ಜನ ಹೆಚ್ಚಂತೆ, ತನ್ನ ಪಾಲಿನ ಸಸಿ ಇವತ್ತೇ ಒಯ್ಯುತ್ತಾನಂತೆ. ಮಾತು ಮುಗಿಯುವಷ್ಟರಲ್ಲಿ ಚಪ್ಪಲಿ ಬದಲಿಸಿ, ಟಬ್ಬಿನಲ್ಲಿ ನಿಂತು, ಗಾಜಿನ ಗೂಡಿಗೆ ನುಗ್ಗಿದ್ದಾನೆ. "ಕಳೆದ ಸಲ ನನ್ನ ಕಪ್ಪು ಕಿತ್ಕೊಂಡ್ರಲ್ಲ ಅಕ್ಕ, ಈ ಸಲ ಬಿಡಲ್ಲ" ಎಂದು ನಗುತ್ತಾ ಲೋಟಗಳ ತಟ್ಟೆಯೊಂದನ್ನು ಎತ್ತಿಕೊಳ್ಳುತ್ತಾನೆ. ಹಸಿರು ಸಸಿಗಳು ಅವನ ಎದೆಗೆ ತಾಗಿ ಅಲ್ಲಾಡುತ್ತವೆ.

ಅಕ್ಕ ಅತ್ತೆಯ ಕಡೆ ನೋಡುತ್ತಾರೆ. ಅತ್ತೆ ಕುರ್ಚಿಯಲ್ಲಿ ಕೂತಿದ್ದಾರೆ. ಬಾಯಿ ಬಿಟ್ಟರೆ ಅತ್ತೆಯ ಮುಂದೆ ಎಲ್ಲ ರಟ್ಟಾಗುತ್ತದೆ. ಬಿಡದಿದ್ದರೆ ಆ ಮಣ್ಣು ಇನ್ನೊಬ್ಬರ ಹಿತ್ತಲಿಗೆ ಹೋಗುತ್ತದೆ, ನಾಳೆ ಇನ್ನೂ ಹತ್ತಾರು ಹಿತ್ತಲಿಗೆ. ಅವನು ತಟ್ಟೆ ಹಿಡಿದು ಬಾಗಿಲ ಕಡೆ ನಡೆಯುತ್ತಾನೆ. ನಾನು ಬರೆಯುವವನು, ನಡುವೆ ಬಾಯಿ ಹಾಕುವಂತಿಲ್ಲ ಎಂದು ಸುಮ್ಮನಿರುತ್ತೇನೆ. ನಿಜ ಹೇಳಬೇಕೆಂದರೆ ಅತ್ತೆಯ ಭಯ ನನಗೂ ಇದೆ.

"ಇಡು" ಎನ್ನುತ್ತಾರೆ ಅಕ್ಕ.

"ಯಾಕಕ್ಕ? ನಿಮ್ಮನೆ ಚಪ್ಪಲೀನೇ ಹಾಕಿದೀನಿ ನೋಡಿ."

"ಚಪ್ಪಲಿ ವಿಷಯ ಅಲ್ಲ ತಮ್ಮ. ತಟ್ಟೆ ಕೆಳಗಿಡು. ಕೈ ತೊಳ್ಕೊ."

ಅವನು ಇಡುತ್ತಾನೆ. ಅಕ್ಕ ಪಾತಿಗೆ ಹೋಗಿ ಮಂಡಿಯೂರುತ್ತಾರೆ. ಬೆರಳಿನಿಂದ ಬುಡದ ಮಣ್ಣು ಸರಿಸಲು ಹೋಗುತ್ತಾರೆ, ಅದರ ಅಗತ್ಯವೇ ಬೀಳುವುದಿಲ್ಲ. ಬೇರು ಹಿಡಿದ ತಾಯಿಗಡ್ಡೆ ಎರಡು ಕೈ ಹಾಕಿ ಎಳೆದರೂ ಜಗ್ಗುವುದಿಲ್ಲವಂತೆ. ಇದು ಬೆರಳು ತಾಗಿದ್ದಕ್ಕೇ ವಾಲಿಕೊಂಡು ಎದ್ದು ಬರುತ್ತದೆ. ಬೇರು ಇರಬೇಕಾದ ಜಾಗದಲ್ಲಿ ಬೇರಿಲ್ಲ. ಅಕ್ಕ ಅದನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತುಬಿಡುತ್ತಾರೆ.

ಕುರ್ಚಿಯಿಂದ ಅತ್ತೆಯ ದನಿ ಬರುತ್ತದೆ. "ಹತ್ತಿ ಇದೆಯಾ?"

"ಇದೆ ಅತ್ತೆ."

"ಕಾಳು?"

"ಇದೆ."

ಅತ್ತೆ ಕಣ್ಣು ಮುಚ್ಚುತ್ತಾರೆ. ಒಂದು ಆಯುಷ್ಯದ ಬೆಳೆ ಅದು. ಸಿಡಿಲು ಬೀಳುತ್ತದೆಂದು ನಾನು ಕಾಯುತ್ತೇನೆ. ಅಕ್ಕನೂ ತಲೆ ತಗ್ಗಿಸಿ ಅದಕ್ಕೇ ಕಾಯುತ್ತಿದ್ದಾರೆ. ಕಣ್ಣು ಬಿಟ್ಟಾಗ ಅತ್ತೆಯ ಮಾತಿನಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚು.

"ದಿನಾ ಕತ್ತರಿಸ್ತಿದ್ದೆ ನೀನು. ಬೆಳೆಯೋ ಗಿಡ ಎಲ್ಲಾದ್ರೂ ದಿನದಿನಾ ಗಿಡ್ಡ ಆಗುತ್ತೇನೇ? ನನ್ನ ಮಂಡಿ ಹೋಗಿದೆ, ಕಣ್ಣು ಹೋಗಿಲ್ಲ."

"ಗೊತ್ತಿತ್ತಾ ಅತ್ತೆ?"

"ಮೇಜಿಗೆ ಹೋಗಿದ್ದು ಅಂತಲೂ ಗೊತ್ತಿತ್ತು. ಮನೇಲೇ ಇದ್ದ ಗಡ್ಡೆಗೆ ಪೌಡರ್ ವಾಸನೆ ಎಲ್ಲಿಂದ ಬರುತ್ತೆ? ಬುಟ್ಟಿ ಹತ್ತಿರ ಹೋದಾಗಲೇ ಮೂಗಿಗೆ ಬಡೀತು. ಇವಳು ಅದನ್ನ ಮಣ್ಣಿಗೆ ಇಡಲ್ಲ, ಅಷ್ಟು ಬುದ್ಧಿ ಇದೆ ಅಂದ್ಕೊಂಡೆ. ನೀನು ಇಟ್ಟೆ."

"ಮತ್ತೆ ಯಾಕೆ ಸುಮ್ನಿದ್ರಿ? ಬೈಬಹುದಿತ್ತಲ್ಲ?"

"ನನಗೂ ಹೆದರಿಕೆ ಕಣೇ. ಕೇಳಿದ್ರೆ ಹೌದು ಅಂತೀಯ ಅಂತ ಹೆದರಿಕೆ. ನೀನೇ ಹೇಳ್ತೀಯ ಅಂತ ನಾನು ಕೂತೆ, ನಾನು ಕೇಳ್ತೀನಿ ಅಂತ ನೀನು ಕೂತೆ. ಅದು ಮಾತ್ರ ಕೂರಲಿಲ್ಲ, ತನ್ನ ಕೆಲಸ ತಾನು ಮಾಡ್ತು."

ಕ್ಷೌರದವನು ಕೈ ತೊಳೆಯುತ್ತಲೇ ಇದ್ದಾನೆ. ನೀರು ಹರಿದು ಹೋಗುತ್ತಿದೆ. "ಅಕ್ಕ, ಪ್ರದರ್ಶನದ ದಿನ ನಿಮ್ಮ ಪಕ್ಕದ ತಟ್ಟೆ ನಂದೇ ಅಲ್ವಾ?" ಎನ್ನುತ್ತಾನೆ. ನಗು ಪೂರ್ತಿ ಇಳಿದುಹೋಗಿದೆ. ಅಕ್ಕ ಅವನನ್ನು ನೋಡಿ, "ಇನ್ನೊಂದು ಪಕ್ಕ ಬೇರೆಯವರದಿತ್ತು. ಎದುರುಗಡೆಯೂ ಇತ್ತು. ಯಾರದ್ದು ಅಂತ ಹುಡುಕೋಕೆ ಹೋಗಬೇಡ" ಎನ್ನುತ್ತಾರೆ. ಅವನು ಕೇಳಿಸಿಕೊಂಡನೋ ಇಲ್ಲವೋ, ಮನೆಗೆ ಓಡುತ್ತಾನೆ. ಅವನ ಹಿತ್ತಲಿನಲ್ಲಿ ಬೆಳ್ಳುಳ್ಳಿಯಿದೆ. ಬಿಳಿ ಕೊಳೆ ಬೆಳ್ಳುಳ್ಳಿಗೂ ಬರುತ್ತದೆ.

ಆಮೇಲಿನದು ನೋಡಲು ಕಷ್ಟ. ಅಕ್ಕ ಆಸ್ಪತ್ರೆಗೆ ರಜೆ ಹೇಳಿ, ಸಸಿಗಳನ್ನು ಲೋಟದ ಸಮೇತ ಚೀಲಕ್ಕೆ ತುಂಬುತ್ತಾರೆ. ಬಾಯನ್ನು ತಿರುಚಿ, ಮಡಚಿ, ಗಂಟು ಹಾಕಿ, ಇನ್ನೊಂದು ಚೀಲದಲ್ಲಿಟ್ಟು ಮತ್ತೆ ಗಂಟು. ಅಭ್ಯಾಸವಾದ ಕೈ, ತಡವರಿಸುವುದಿಲ್ಲ. ಮನೆಯಲ್ಲಿದ್ದ ಬೀಜವೆಲ್ಲ ಮೊಳೆತು ಈ ಲೋಟಗಳಲ್ಲೇ ಇದೆ. ಗಿಡಗಳಿಗೆ ಏನೂ ಆಗಿಲ್ಲ, ಕಡ್ಡಿಯಂತೆ ನೆಟ್ಟಗೆ ನಿಂತಿವೆ. ಇವು ಚೆನ್ನಾಗಿವೆಯಲ್ಲ ಎಂದು ನಾನು ತಡೆಯಲಾರದೆ ಹೇಳುತ್ತೇನೆ. "ಚೆನ್ನಾಗಿ ಕಾಣೋದೇ ಭಯ" ಎನ್ನುತ್ತಾರೆ ಅಕ್ಕ. ಎಲ್ಲದರ ಕೊನೆಗೆ ಮನೆಯ ತಾಯಿಗಡ್ಡೆ. ಒಳ್ಳೆಯ ಬೇರು ಹಿಡಿದಿದ್ದ ಅದನ್ನು ಕೀಳಲು ಅವರು ಎರಡೂ ಕೈ ಹಾಕಬೇಕಾಗುತ್ತದೆ. ಇನ್ನು ಈ ಪಾತಿಯಲ್ಲಿ ಅವರ ಜೀವಮಾನದಲ್ಲಿ ಈರುಳ್ಳಿ ಇಲ್ಲ.

ಒಂದೊಂದೇ ಮನೆಗೆ ಅವರು ಫೋನು ಮಾಡುತ್ತಾರೆ. ಸುತ್ತಿ ಬಳಸಿ ಹೇಳುವುದಿಲ್ಲ. "ನಮ್ಮ ಮಣ್ಣಿಗೆ ಬಂದಿದೆ. ನನ್ನಿಂದಲೇ ಬಂದಿದ್ದು. ಈ ವರ್ಷ ಸಸಿ ಇಲ್ಲ. ಪ್ರದರ್ಶನದಿಂದ ತಂದ ಗಡ್ಡೆ ಏನಾದ್ರೂ ನೆಟ್ಟಿದ್ರೆ ಈಗಲೇ ನೋಡಿ." ಕೆಲವರು ಸಮಾಧಾನ ಹೇಳುತ್ತಾರೆ. ಒಬ್ಬರು ಸಿಟ್ಟಾಗಿ ಫೋನು ಇಟ್ಟುಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕ್ಷೌರದವನ ಫೋನು ಬರುತ್ತದೆ. ಬೆಳ್ಳುಳ್ಳಿಯನ್ನೆಲ್ಲ ಕಿತ್ತು ನೋಡಿದನಂತೆ, ಬೇರೆಲ್ಲ ಗಟ್ಟಿಯಾಗಿದೆಯಂತೆ, ಹತ್ತಿ ಎಲ್ಲೂ ಇಲ್ಲವಂತೆ. ಅಲ್ಲಿಯವರೆಗೆ ಕಲ್ಲಿನಂತಿದ್ದ ಅಕ್ಕ ಆಗ ಅಳುತ್ತಾರೆ.

"ಅಳು ಸಾಕು. ಬಾ ಇಲ್ಲಿ" ಎನ್ನುತ್ತಾರೆ ಅತ್ತೆ. ಅಕ್ಕ ಹತ್ತಿರ ಬರುವಷ್ಟರಲ್ಲಿ ಅವರೇ ಕೈ ಅಡ್ಡ ಹಿಡಿಯುತ್ತಾರೆ. "ಬೇಡ ಬೇಡ, ನೀನು ಅಲ್ಲೇ ನಿಲ್ಲು. ಅದನ್ನ ಮುಟ್ಟಿದ ಕೈ." ಮಗನನ್ನು ಕರೆದು, ತಮ್ಮ ಕೋಣೆಯ ಬೀರುವಿನೊಳಗೆ ನೇತುಹಾಕಿದ್ದನ್ನು ತರಲು ಹೇಳುತ್ತಾರೆ. ಅವರು ತರುತ್ತಾರೆ. ಹಳೆಯ ಉದ್ದನೆಯ ಕಾಲುಚೀಲ. ಅದರ ಹಿಮ್ಮಡಿಯಲ್ಲಿ ಒಂದು ಗಡ್ಡೆ. ಸಿಪ್ಪೆ ಸುಕ್ಕುಗಟ್ಟಿದೆ, ನೆತ್ತಿಯಿಂದ ಹಳದಿ ಮಿಶ್ರಿತ ಹಸಿರು ಮೊಳಕೆಯೊಂದು ಹೆಣಿಗೆಯ ಕಣ್ಣಿನಿಂದ ಹೊರಗಿಣುಕಿದೆ. ಇದು ಮೇಜನ್ನೂ ಕಂಡಿಲ್ಲ, ಕಿತ್ತ ಮೇಲೆ ಮತ್ತೆ ಮಣ್ಣನ್ನೂ ಕಂಡಿಲ್ಲ.

ಯಜಮಾನರು ಬಾಯಿ ತೆರೆದುಕೊಂಡು ನಿಂತಿದ್ದಾರೆ. ವರ್ಷವರ್ಷವೂ ಬೇಸಿಗೆಯಲ್ಲಿ ಬೀರುವಿನಿಂದ ಹೊರಬರುತ್ತಿದ್ದ, ಅವರು ಜಿಪುಣತನವೆಂದು ನಗುತ್ತಿದ್ದ ಗಡ್ಡೆ ಇದೇ. ತಾಯಿಗಡ್ಡೆ ಹೂಬಿಟ್ಟು ಬೀಜ ಕಟ್ಟುವ ತನಕ ಅತ್ತೆ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಬೀಜ ಕೈಸೇರಿದ ಮೇಲೆ ಅಡುಗೆಗೆ ಕೊಡುತ್ತಿದ್ದರು.

"ಹೇಳಬಾರದಿತ್ತಾ ಅಮ್ಮ?"

"ಹೇಳಿದ್ರೆ ಇವಳು ಧೈರ್ಯವಾಗಿ ಇರ್ತಿದ್ಲು. ಧೈರ್ಯ ಬಂದ್ರೆ ಕೈ ಸಡಿಲ ಆಗುತ್ತೆ. ನಾನು ಈ ಮನೆಗೆ ಬಂದ ದಿನದಿಂದ ಹೆದರ್ತಾನೇ ಇದೀನಿ. ಅದಕ್ಕೇ ಇಷ್ಟು ವರ್ಷ ಉಳೀತು."

ಇನ್ನು ತಾರಸಿಯ ಮೇಲೇ ನೆಡಬೇಕು, ನೆಡುವವರು ಯಾರು? ಅಕ್ಕ ಮುಟ್ಟುವಂತಿಲ್ಲ. ನಾನೂ ಪಾತಿಯ ಬಳಿ ನಿಂತು ಬಂದವನು. ಅತ್ತೆಗೆ ಮೆಟ್ಟಿಲು ಹತ್ತಲಾಗದು. ಎಲ್ಲರೂ ಒಟ್ಟಿಗೇ ಯಜಮಾನರ ಕಡೆ ನೋಡುತ್ತೇವೆ. ಇಷ್ಟು ವರ್ಷ ಈ ಹಿತ್ತಲಿಗೆ ಕಾಲಿಡದ ಮನುಷ್ಯ ಮನೆಯಲ್ಲಿ ಅವರೊಬ್ಬರೇ. ಹೊಸ ಚೀಲದ ಮಣ್ಣು ತರಿಸಿ, ತೊಳೆದ ಡ್ರಮ್ಮಿನಲ್ಲಿ ತುಂಬಿ, ಮನೆಯ ತಾರಸಿಯ ಮೇಲೆ ಅವರು ಜೀವಮಾನದ ಮೊದಲ ಈರುಳ್ಳಿ ನೆಡುತ್ತಾರೆ. ಕೆಳಗಿನಿಂದ ಹೆಂಡತಿ, "ಕತ್ತು ಮುಚ್ಚಬೇಡೀ ರೀ!" ಎಂದು ಕೂಗುತ್ತಾರೆ. ಕುರ್ಚಿಯಿಂದ ತಾಯಿ, "ತಲೆ ಮೇಲಾಯ್ತೇನೋ? ಬೇರು ಕೆಳಗೆ ಬರಬೇಕು ಕಣೋ!" ಎನ್ನುತ್ತಾರೆ. "ಮೇಲೆ ಕೆಳಗೆ ನನಗೆ ಹೇಳಿಕೊಡ್ತೀರಾ? ನಾನು ಲಿಫ್ಟಿನವನು!" ಎಂದು ಮೇಲಿನಿಂದ ಉತ್ತರ ಬರುತ್ತದೆ. ಈ ಸಲ ಅಕ್ಕನ ಮುಖದಲ್ಲಿ ನಗುವಿನಂಥದ್ದೊಂದು ಬಂದು ಹೋಗುತ್ತದೆ.

ಅವರು ಕೆಳಗಿಳಿದು ಬಂದಾಗ ಗಡ್ಡೆ ಗಟ್ಟಿಯಿತ್ತೇ, ಬುಡ ಒಣಗಿತ್ತೇ, ಮೆತ್ತಗೇನೂ ಇರಲಿಲ್ಲವಲ್ಲ ಎಂದು ಅಕ್ಕ ಮೂರು ಸಲ ಕೇಳುತ್ತಾರೆ. ಚಿಗುರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಚಿಗುರಿದರೆ ಬೇಸಿಗೆಗೆ ಹೂವು, ಆಮೇಲೆ ಬೀಜ, ಅದಾದ ಮರುವರ್ಷ ಹೊಸ ಗಡ್ಡೆ. ಅದಕ್ಕೂ ಹೊಸ ಮಣ್ಣು, ಹೊಸ ಡ್ರಮ್ಮು, ತಾರಸಿಗೆ ಹತ್ತುವ ಮೆಟ್ಟಿಲ ಬುಡದಲ್ಲಿ ಇನ್ನೊಂದು ಟಬ್ಬು. ಟಬ್ಬನ್ನು ಅಕ್ಕ ಆಗಲೇ ತಂದಿಟ್ಟಿದ್ದಾರೆ. ಹಳೆಯ ಪಾತಿಯ ಸುತ್ತ ಹಗ್ಗ ಕಟ್ಟಿದ್ದಾರೆ, ಯಾರೂ ತುಳಿಯದಿರಲೆಂದು.

ಹೊರಡುವ ಮುಂಚೆ, ನಮ್ಮ ಕಸುಬಿನವರು ಕೇಳಲೇಬೇಕಾದ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ನಿಮ್ಮ ಆಸೆ ಏನು? ಅಕ್ಕ ಬಿರುಕು ಬಿಟ್ಟ ಕೈಗಳನ್ನು ಮತ್ತೊಮ್ಮೆ ತೊಳೆಯುತ್ತಾರೆ.

"ಅದು ಬದುಕಬೇಕು. ಮುಂದಿನ ಸಲ ಅಲ್ಲದಿದ್ರೆ ಅದರ ಮುಂದಿನ ಸಲ ನಾನು ಮತ್ತೆ ಪ್ರದರ್ಶನಕ್ಕೆ ಹೋಗಬೇಕು. ಮೈಕಲ್ಲಿ ನನಗೆ ಎರಡನೇ ಬಹುಮಾನ ಅಂತ ಕರೀಬೇಕು. ಅಷ್ಟು ಸಾಕು."

ಅತ್ತೆ ಕುರ್ಚಿಯಿಂದ ನನ್ನ ಬೂಟಿನ ಕಡೆ ಒಂದು ಕಣ್ಣಿಟ್ಟೇ ಅದನ್ನು ತಿದ್ದುತ್ತಾರೆ.

"ಮೂರನೇದು ಅಂತ ಬರ್ಕೊಳಪ್ಪಾ. ಇನ್ಮೇಲೆ ಒಳ್ಳೇವು ಎರಡು ಮನೇಲಿರಲಿ."